ಮೂರು ಸಲ ತಪ್ಪಿದರೆ ಬಾಗಿಲು ಬಂದ್

ಕಂಪ್ಯೂಟರ್ ಕೆಲಸದವನ ಮರ್ಯಾದೆ ಹೋಗಲು ಮುಹೂರ್ತ ನೋಡಬೇಕಿಲ್ಲ. ನನ್ನದು ಒಂದೇ ಮಧ್ಯಾಹ್ನ ಕಂತುಕಂತಾಗಿ ಹೋಯಿತು. ಬಾಗಲಕೋಟೆಯ ಕಾಲೇಜೊಂದರಲ್ಲಿ ನಾನು ಲ್ಯಾಬ್ ನೋಡಿಕೊಳ್ಳುವವನು. ಮರುದಿನ ಪರೀಕ್ಷೆ. ಮುನ್ನೂರು ಮಕ್ಕಳ ಹಾಲ್ ಟಿಕೆಟ್ ವಿಶ್ವವಿದ್ಯಾಲಯದ ಸೈಟಿನಿಂದ ಇಳಿಸಬೇಕಿತ್ತು. ಒಂದೊಂದಾಗಿ ಒತ್ತುತ್ತ ಕೂರುವವರಾರು ಎಂದು, ತಾನೇ ಲಾಗಿನ್ ಆಗಿ ಎಲ್ಲವನ್ನೂ ಇಳಿಸುವ ಸ್ಕ್ರಿಪ್ಟ್ ಬರೆದೆ. ಆದರೆ ಮೂರು ಸಲ ಲಾಗಿನ್ ತಪ್ಪಿದರೆ ಎರಡು ದಿನ ಸೈಟಿನ ಬಾಗಿಲು ಬಂದ್.

೧. ನನ್ನ ಜಾಣತನ

ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆದಿಡಬಾರದು ಎಂದು ಮಕ್ಕಳಿಗೆ ದಿನಾ ಹೇಳುವವನು ನಾನೇ. ಅದಕ್ಕೇ ಆ ಜಾಗದಲ್ಲಿ 'ಇಲ್ಲಿ ಪಾಸ್‌ವರ್ಡ್ ಹಾಕಿ' ಎಂದು ಬರೆದಿಟ್ಟು, ಮರೆತು, ಹಾಗೇ ಓಡಿಸಿದೆ. ಸೈಟಿನ ಸರ್ವರ್‌ಗೆ ಅದೇ ಹೋಯಿತು. ಬಂದ ಉತ್ತರ ೪೦೧, ಅಂದರೆ 'ನೀನು ಯಾರೋ ಗೊತ್ತಿಲ್ಲ'.

ಪಕ್ಕದಲ್ಲಿದ್ದ ಹಿರಿಯ ಗುಮಾಸ್ತರಿಗೆ ಅರ್ಥ ಬಿಡಿಸಿ ಹೇಳಿದೆ. "ಹತ್ತು ವರ್ಷದಿಂದ ನಮಗೂ ಗೊತ್ತಾಗಿಲ್ರಿ," ಅಂದರು.

೨. ಗುಮಾಸ್ತರ ಮರ್ಯಾದೆ

ಈ ಸಲ ಗುಮಾಸ್ತರು ಬರೆದುಕೊಟ್ಟ ಚೀಟಿಯಲ್ಲಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಇದ್ದ ಹಾಗೇ ಹಾಕಿದೆ. ಮತ್ತೆ ೪೦೧. ಚೀಟಿ ಸರಿಯಾಗಿ ನೋಡಿದರೆ ಯೂಸರ್‌ನೇಮ್ 'ಪ್ರಿನ್ಸಿಪಾಲ್‌ಸರ್' ಎಂದಿದೆ.

"ಸರ್ ಅಂತ ಯಾಕ ಸೇರ್ಸಿದ್ರಿ?"

"ಸಾಹೇಬ್ರನ್ನ ಬರೇ ಪ್ರಿನ್ಸಿಪಾಲ್ ಅಂತ ಹೆಂಗ ಬರೀಲ್ರಿ? ನಾಳೆ ಚೀಟಿ ಅವ್ರ ಕೈಗೆ ಸಿಕ್ರ?"

ಆಮೇಲೆ ನಿಧಾನವಾಗಿ ನೆನಪಿಸಿಕೊಂಡರು: "ಹಾಂ, ಪಾಸ್‌ವರ್ಡೂ ಮೇಡಂ ಹ್ವಾದ ವಾರ ಬದಲ್ ಮಾಡ್ಯಾರ್ರಿ."

೩. ಮೇಡಂ ಹೇಳಿದ ಹೆಸರು

ಪರೀಕ್ಷೆ ಕೆಲಸ ನೋಡುವ ಆ ಮೇಡಂ ಗುಡೂರಿನಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದರು. ಫೋನ್ ಮಾಡಿದೆ.

"ಪಾಸ್‌ವರ್ಡ್ ನಮ್ಮ ಮನಿಯವ್ರ ಹೆಸರ್ರಿ."

"ಏನ್ರಿ ಅವ್ರ ಹೆಸರು?"

"ಅಯ್ಯ, ಗಂಡನ ಹೆಸರು ಹಂಗ ಹೇಳ್ತಾರೇನ್ರಿ!"

"ಮೇಡಂ, ಇದೊಂದ ಸಲ ಉಳದೈತ್ರಿ. ತಪ್ಪಿದ್ರ ನಾಳೆ ಮುನ್ನೂರು ಹುಡುಗ್ರು ಹೊರಗ ನಿಂದರ್ತಾರ!" ನನಗೆ ಅಳುವೇ ಬಂದಿತ್ತು.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. 'ಒಡಪು ಹಾಕ್ರಿ' ಎಂದು ಮದುವೆ ಹಂದರದ ಹೆಂಗಸರ ಕೂಗು. ಮೇಡಂ ಗಂಡನ ಹೆಸರು ಹೆಣೆದ ಒಡಪನ್ನು ರಾಗವಾಗಿ ಹಾಕಿಯೇಬಿಟ್ಟರು:

"ಇಳಕಲ್ ಸೀರಿಗೆ ಕೆಂಪ ಸೆರಗು ಚಂದ, ಸಂಗಪ್ಪರಾಯರ ಹೆಸರ ಹೇಳ್ತೇನಿ ಮಂದಿ ಮುಂದ!"

"ರಾಯರು ಅಂತನೂ ಹಾಕ್ಲೇನ್ರಿ?" ಗುಮಾಸ್ತರಿಂದ ಬುದ್ಧಿ ಕಲಿತಿದ್ದೆ.

"ಬ್ಯಾಡ್ರಿ, ಅದು ಮರ್ಯಾದಿಗೆ."

ಯೂಸರ್‌ನೇಮಿನ 'ಸರ್' ತೆಗೆದು, ಪಾಸ್‌ವರ್ಡಿಗೆ ಬರೇ 'ಸಂಗಪ್ಪ' ಎಂದು ಹಾಕಿ ಒತ್ತಿದೆ. ೨೦೦, ಅಂದರೆ 'ಒಳಗೆ ಬಾ'. ಹಾಲ್ ಟಿಕೆಟ್‌ಗಳು ಒಂದರ ಹಿಂದೊಂದು ಇಳಿಯತೊಡಗಿದವು. ಹೋದ ಜೀವ ಬಂತು. "ಬಾಗಲಾ ತಗೀತ್ರಿ ಮೇಡಂ!" ಎಂದು ಕೂಗಿದೆ.

ಹಂದರದಲ್ಲಿ ಚಪ್ಪಾಳೆ. ಅಷ್ಟರಲ್ಲಿ ಯಾರೋ ಅಜ್ಜಿ ಫೋನ್ ಕಸಿದುಕೊಂಡಳು. "ತಮ್ಮಾ, ನಮ್ಮ ಮನಿಯವ್ರ ಹೆಸರೂ ಹೇಳ್ತೇನಿ, ಹಾಕಿ ನೋಡಪಾ. ಐವತ್ತು ವರ್ಷ ಆತು, ಅವ್ರ ಹೆಸರಿಗೆ ಇನ್ನೂ ಒಂದು ಬಾಗಲಾನೂ ತಗದಿಲ್ಲ!"