ಹೆರಿಗೆ ರಜೆಯ ಭಾನಗಡಿಗಳು

ಹಾವೇರಿಯಲ್ಲಿ ನಾನು ವಕೀಲಿ ಶುರು ಮಾಡಿ ಹದಿನೆಂಟು ವರ್ಷವಾಯಿತು. ಕೆಲಸದವಳಿಗೆ ಕೂಸು ಹುಟ್ಟಿತೆಂದರೆ ಅವಳು ತಂದ ಪೇಢೆ ಬಾಯಿಗೆ ಹಾಕಿಕೊಂಡು ಹರಸುವ ಮಾಲೀಕರನ್ನು ಬೇಕಾದಷ್ಟು ನೋಡಿದ್ದೇನೆ. ಪಗಾರ ಸಹಿತ ರಜೆ ಅಂದ ಕೂಡಲೇ ಅದೇ ಪೇಢೆ ಅವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ ನಾಲ್ಕೈದು ಇಂಥ ಭಾನಗಡಿಗಳು ನನ್ನ ಟೇಬಲ್ಲಿಗೆ ಬಂದೇ ಬರುತ್ತವೆ.

೧. ಬೀಗರು

ರಾಣೇಬೆನ್ನೂರಿನ ಬೀಜದ ಪ್ಯಾಕಿಂಗ್ ಘಟಕವೊಂದರಲ್ಲಿ ನಾಲ್ಕು ವರ್ಷದಿಂದ ದುಡಿಯುತ್ತಿದ್ದ ಹೆಣ್ಣುಮಗಳು ಏಳು ತಿಂಗಳ ಬಸುರಿ. ರಜೆ ಕೇಳಿದಾಗ ಮಾಲೀಕ, "ಆರಾಮ ಮನ್ಯಾಗ ಇರು ತಂಗಿ, ಪಗಾರ ಮಾತ್ರ ಕೇಳಬ್ಯಾಡ" ಎಂದಿದ್ದ. ಹತ್ತು ಮಂದಿ ಕೆಲಸಗಾರರಿದ್ದರೆ ಸಾಕು, ಕಾನೂನಿನ ಪ್ರಕಾರ ಇಪ್ಪತ್ತಾರು ವಾರದ ಪಗಾರ ಕೊಡಲೇಬೇಕು. ಅದು ಅವನಿಗೂ ಗೊತ್ತಿತ್ತು. ಅದಕ್ಕೇ, ನಾವು ಕೊಟ್ಟ ದೂರಿನ ವಿಚಾರಣೆಯ ದಿನ ಒಂಬತ್ತೇ ಹೆಸರಿದ್ದ ಹಾಜರಿ ಪುಸ್ತಕ ತಂದು ಕಾರ್ಮಿಕ ಅಧಿಕಾರಿಯ ಮುಂದಿಟ್ಟ.

ಆಕೆ ಮೊಬೈಲ್ ತೆಗೆದು ಆಯುಧಪೂಜೆಯ ಫೋಟೋ ತೋರಿಸಿದಳು. ಮಾಲೀಕನ ಸುತ್ತ ಇಪ್ಪತ್ತೇಳು ಮಂದಿ ನಿಂತಿದ್ದರು.

"ಇವರೆಲ್ಲ ಯಾರ್ರಿ?" ಅಧಿಕಾರಿ ಕೇಳಿದರು.

"ಒಂಬತ್ತು ಮಂದಿ ಕೆಲಸದವರ್ರಿ. ಉಳಿದವರು ನಮ್ಮ ಬೀಗರು, ಪೂಜಾಕ್ಕ ಬಂದಿದ್ರು."

ಅಧಿಕಾರಿ ಫೋಟೋ ದೊಡ್ಡದು ಮಾಡಿ ನೋಡಿದರು. "ಬೀಗರಿಗೂ ಕಂಪನಿ ಹೆಸರಿನ ನೀಲಿ ಅಂಗೀನ ಉಡುಗೊರೆ ಕೊಟ್ಟೀರೇನ್ರಿ?"

ಆಕೆಗೆ ಪೂರ್ತಿ ಪಗಾರ ಬಂತು. ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ಹದಿನೆಂಟು ಬೀಗರ ಹೆಸರೂ ಬಂದವು.

೨. ಬೇಸಿಗೆ ಸೂಟಿ

ಬ್ಯಾಡಗಿಯ ಖಾಸಗಿ ಶಾಲೆಯೊಂದರ ಟೀಚರಿಗೆ ನವೆಂಬರಿನಲ್ಲಿ ದಿನ ತುಂಬುವುದಿತ್ತು. ರಾಜೀನಾಮೆ ಕೊಟ್ಟು ಹೋಗು, ಆಮೇಲೆ ನೋಡೋಣ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿ ಹೇಳಿದ್ದರು. ಆಕೆಯ ಪಗಾರದಲ್ಲೇ ಮನೆ ನಡೆಯುತ್ತಿತ್ತು. ಹೆದರಿಕೊಂಡು ನನ್ನನ್ನೂ ಕರೆದುಕೊಂಡು ಹೋದಳು.

ನಾನು ಕಾನೂನು ಹೇಳಿ ಮುಗಿಸುವ ತನಕ ಕಾರ್ಯದರ್ಶಿ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಆಮೇಲೆ ಬಹಳ ಕಾಳಜಿಯಿಂದ ಆಕೆಯನ್ನು ಕೇಳಿದರು: "ಅಲ್ರಿ ಟೀಚರ, ಏಪ್ರಿಲ್ ಮೇ ಎರಡು ತಿಂಗಳು ಸೂಟಿ ಇರ್ತಾವು. ಮೊದಲ ವಿಚಾರ ಮಾಡಿ ಆವಾಗ ಹಡೀಬಹುದಿತ್ತಲ್ಲ?"

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಟೀಚರ್ ಮೆಲ್ಲಗೆ ಹೇಳಿದಳು: "ನಿಮ್ಮ ತಾಯಾರಿಗೂ ಯಾರರೆ ಇದನ್ನ ಹೇಳಬೇಕಿತ್ರಿ ಸರ್. ಪ್ರತಿ ಆಗಸ್ಟಿನ್ಯಾಗ ನಿಮ್ಮ ಹುಟ್ಟಿದ ದಿನಕ್ಕ ಅರ್ಧ ದಿನ ಶಾಲಿ ಬಿಡೂದು ತಪ್ಪತಿತ್ತು."

ರಜೆ ಅವತ್ತೇ ಮಂಜೂರಾಯಿತು.

೩. ರದ್ದು

ನಮ್ಮ ಓಣಿಯ ಗುಮಾಸ್ತನೊಬ್ಬ ಸರಕಾರಿ ನೌಕರ. ತಂದೆಯಾದಾಗ ಹದಿನೈದು ದಿನದ ಪಿತೃತ್ವ ರಜೆ ಕೇಳಿದ. "ಹಡದಾಕಿ ಅಕಿ, ನಿನಗ್ಯಾಕ ಸುಸ್ತು?" ಎಂದು ಸಾಹೇಬರು ಇಡೀ ಕಚೇರಿಯ ಮುಂದೆ ನಗಾಡಿದರಂತೆ. ನಿಯಮದ ಝೆರಾಕ್ಸ್ ನಾನೇ ಕೊಟ್ಟೆ. ಜಗಳಾಡಿ ರಜೆ ತೆಗೆದುಕೊಂಡು ಗುತ್ತಲದ ಮಾವನ ಮನೆಗೆ ಬಸ್ಸು ಹತ್ತಿದವನು ನಾಲ್ಕನೇ ದಿನ ವಾಪಸ್ ಕಚೇರಿಯಲ್ಲಿ ಕೂತಿದ್ದ.

"ಯಾಕೋ, ರಜಾ ಇತ್ತಲ್ಲ?" ಎಂದರೆ, "ತಾಸಿಗೊಮ್ಮೆ ಚಹಾ ಕೇಳಿದೆ ಅಂತ ನಮ್ಮತ್ತಿಯವ್ರು ರಜಾ ರದ್ದು ಮಾಡ್ಯಾರ್ರಿ ಅಕ್ಕಾರ."

೪. ಸಹಿ

ಹಾವೇರಿಯ ಫೈನಾನ್ಸ್ ಕಂಪನಿಯೊಂದರ ಕ್ಯಾಶಿಯರಿಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿರಲಿಲ್ಲ. ಕಡೆಗೆ ಎರಡೂವರೆ ತಿಂಗಳ ಹೆಣ್ಣುಕೂಸನ್ನು ದತ್ತು ತಂದಳು. ಇದಕ್ಕೂ ಹನ್ನೆರಡು ವಾರ ಪಗಾರದ ರಜೆ ಉಂಟು. ಆದರೆ ಅರ್ಜಿಯಲ್ಲಿ ಹೆರಿಗೆ ದಿನಾಂಕದ ಜಾಗ ಖಾಲಿ ಇದೆಯೆಂದು ಮ್ಯಾನೇಜರ್ ಮೂರು ಸಲ ವಾಪಸ್ ಕೊಟ್ಟರು. ನಾಲ್ಕನೇ ಸಲ ಕೂಸನ್ನೂ ಎತ್ತಿಕೊಂಡು ನನ್ನ ಜೊತೆಗೇ ಬಂದಳು.

"ಹಡದ ತ್ರಾಸ ಇಲ್ಲ ಏನಿಲ್ಲ. ಸುಮ್ಮನ ಕೂಸು ಹಿಡ್ಕೊಂಡು ಕುಂದ್ರಾಕ ರಜಾ ಯಾಕವ್ವ?" ಎಂದರು ಮ್ಯಾನೇಜರ್.

"ಹಂಗಾರ ಚೂರು ಹಿಡ್ಕೊಳ್ರಿ ಸರ್, ಕೌಂಟರಿನ್ಯಾಗ ಮಂದಿ ನಿಂತಾರ" ಎಂದವಳೇ ಕೂಸನ್ನು ಅವರ ಕೈಗಿಟ್ಟು ಹೋದಳು.

ಕೂಸು ಮೊದಲು ಅತ್ತಿತು, ಆಮೇಲೆ ಅವರ ಇಸ್ತ್ರಿ ಅಂಗಿಯ ಮೇಲೆ ಹಾಲು ಕಕ್ಕಿತು, ಆಮೇಲೆ ಮತ್ತೆ ಅತ್ತಿತು. ಮ್ಯಾನೇಜರ್ ಎದ್ದು ನಿಂತು ತೂಗಿದರು, ಕಿಟಕಿಯಲ್ಲಿ ಹೆದ್ದಾರಿಯ ಲಾರಿ ತೋರಿಸಿದರು. ಮುಕ್ಕಾಲು ತಾಸಿನ ಮೇಲೆ ಕೂಸು ಅವರ ಬಲ ತೋಳಿನಲ್ಲಿ ನಿದ್ದೆ ಹೋಯಿತು. ಉಸಿರು ಬಿಗಿಹಿಡಿದು, ಅರ್ಜಿ ಸರಿಸೆಂದು ನನಗೆ ಕಣ್ಣಲ್ಲೇ ಹೇಳಿ, ಸಹಿ ಹಾಕಿದರು. ಕ್ಯಾಶಿಯರ್ ಬಂದು ಕೂಸನ್ನು ಎತ್ತಿಕೊಂಡಾಗ ಆಕೆಯ ಕಣ್ಣು ತುಂಬಿತ್ತು, ಮ್ಯಾನೇಜರರದೂ.

ವಾರದೊಳಗೆ ಮುಖ್ಯ ಕಚೇರಿಯಿಂದ ಅರ್ಜಿ ತಿರುಗಿ ಬಂತು. ಮಂಜೂರು ಮಾಡಿದವರ ಸಹಿ ಹೊಂದಾಣಿಕೆಯಾಗುತ್ತಿಲ್ಲ, ವಿವರಣೆ ಕೊಡಿ ಎಂದು. ಮ್ಯಾನೇಜರ್ ಬರೆದ ಉತ್ತರದ ಪ್ರತಿ ನನ್ನ ಫೈಲಿನಲ್ಲಿದೆ:

"ಸದರಿ ಸಮಯದಲ್ಲಿ ಬಲಗೈಯಲ್ಲಿ ಕೂಸು ಮಲಗಿದ್ದರಿಂದ ಎಡಗೈಯಿಂದ ಸಹಿ ಮಾಡಲಾಗಿದೆ. ಕೂಸನ್ನು ಎಬ್ಬಿಸಿ ಬಲಗೈಯಿಂದ ಸಹಿ ಮಾಡಬೇಕೆಂದಿದ್ದಲ್ಲಿ, ಅದನ್ನು ಮತ್ತೆ ಮಲಗಿಸಲು ಮುಖ್ಯ ಕಚೇರಿಯಿಂದ ಇಬ್ಬರು ಅಧಿಕಾರಿಗಳನ್ನು ಕಳುಹಿಸಿಕೊಡಲು ಕೋರಿದೆ."