ಕೊನೆಯ ಪಂದ್ಯಕ್ಕೆ ಒಂದು ನೀರು

ಫುಟ್‌ಬಾಲ್ ಆಡಲು ನನಗೆ ಬರುವುದಿಲ್ಲ. ಆದರೆ ಗದ್ದೆಯ ವಿಷಯ ಗೊತ್ತು, ನೀರಿನ ವಿಷಯವಂತೂ ಚೆನ್ನಾಗಿ ಗೊತ್ತು. ಆ ಒಂದು ಭರವಸೆಯಿಂದಲೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ಇಷ್ಟು ಬರೆಯುವಷ್ಟರಲ್ಲಿ ನನ್ನ ಹೆಂಡತಿ ದೇವೀರಮ್ಮ ಹಿಂದೆ ನಿಂತು ಓದಿ, ನಕ್ಕು, ಒಳಗೆ ಹೋದಳು. ಈ ಪ್ರಸಂಗದಲ್ಲಿ ನನ್ನ ನೆನಪು ಒಂದು ಕಡೆ ಎಳೆಯುತ್ತದೆ, ಅವಳದು ಇನ್ನೊಂದು ಕಡೆ. ಎರಡನ್ನೂ ಬರೆಯುತ್ತೇನೆ. ನನ್ನದನ್ನು ನಂಬಿದರೆ ಸಂತೋಷ.

ವಯನಾಡು ಹೊಸದಾಗಿ ಜಿಲ್ಲೆಯಾದ ಕಾಲ. ಜಿಲ್ಲಾಕೇಂದ್ರ ಕಲ್ಪೆಟ್ಟದಲ್ಲಿ ಬೋರ್ಡು ಬರೆಯುವವರಿಗೆ ಪುರುಸೊತ್ತೇ ಇರಲಿಲ್ಲ. ಜಿಲ್ಲೆ ಬಂದ ಮೇಲೆ ಜಿಲ್ಲಾ ಲೀಗ್ ಬರದೇ ಇರುತ್ತದೆಯೇ? ಬಂತು. ನಮ್ಮ ಚೇಕಾಡಿ ಸುತ್ತಲಿನ ಕಬನಿ ಇಲೆವನ್ ಅದಕ್ಕೆ ಸೇರಿತು. ನಮ್ಮದು ಅರೆ ವೃತ್ತಿಪರ ತಂಡ. ಅಂದರೆ ಗೋಲ್‌ಕೀಪರ್ ವಾರವೆಲ್ಲ ದರ್ಜಿ, ಭಾನುವಾರ ಗೋಲ್‌ಕೀಪರ್. ಮುಂದೆ ನಿಂತು ಗೋಲು ಹೊಡೆಯುವ ಬೊಮ್ಮ ವಾರವೆಲ್ಲ ಕಾಡಂಚಿನ ತೋಟಗಳಲ್ಲಿ ಮೆಣಸು ಕೊಯ್ಯುತ್ತಿದ್ದ. ಆಡಿದ ದಿನ ಅವರಿಗೆ ಕೂಲಿ, ಬಸ್ ಚಾರ್ಜು ಮತ್ತು ಪರೋಟ. ಸೋತ ದಿನ ಪರೋಟದ ಜೊತೆ ಸಾರು ಇರುತ್ತಿರಲಿಲ್ಲ. ಅಷ್ಟರಮಟ್ಟಿಗೆ ವೃತ್ತಿಪರ.

ಒಂದೇ ಒಂದು ಪಂದ್ಯ ಉಳಿದಿತ್ತು. ಪಯ್ಯಂಪಳ್ಳಿ ತಂಡ ನಮಗಿಂತ ಒಂದು ಅಂಕ ಮುಂದೆ. ಆ ಕೊನೆಯ ಪಂದ್ಯ ನಮಗೂ ಅವರಿಗೂ. ನಾವು ಗೆದ್ದರೆ ಕಪ್ಪು ನಮ್ಮದು. ಸಮವಾದರೂ ಸಾಕು, ಅವರದು.

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಜೋಸ್ ಮಾಷ್, ಶಾಲೆಯಲ್ಲಿ ಡ್ರಿಲ್ ಹೇಳಿಕೊಡುವವರು, ಚಹಾದ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು:

"ಗೌಡರೇ, ಎರಡನೇ ಸಲ ಚಾಂಪಿಯನ್ ಯಾವಾಗ ಬೇಕಾದ್ರೂ ಆಗ್ಬಹುದು. ಹೊಸ ಜಿಲ್ಲೆಗೆ ಮೊದಲನೇ ಚಾಂಪಿಯನ್ ಒಂದೇ ಸಲ ಅಲ್ವೇ?"

ಆ ಮಾತು ನನ್ನ ಹೊಟ್ಟೆಯಲ್ಲಿ ಹೋಗಿ ಕೂತುಕೊಂಡಿತು. ಅನ್ನ ಇಳಿಯಲಿಲ್ಲ. ಹಸುವಿಗೆ ಹುಲ್ಲು ಹಾಕುವಾಗಲೂ ಅಂಕ ಕೂಡಿಸುತ್ತಿದ್ದೆ. ಎಷ್ಟು ಸಲ ಕೂಡಿಸಿದರೂ ಒಂದು ಕಮ್ಮಿ.

ಪಂದ್ಯ ನಮ್ಮ ಕಡೆ ನಡೆಯಬೇಕು, ಆದರೆ ನಾವು ಆಡುತ್ತಿದ್ದ ಮೈದಾನದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದ್ದರು. ಮಾಷ್ ತಲೆ ಮೇಲೆ ಕೈಹೊತ್ತು ಕೂತಾಗ ನಾನು ಎದ್ದು ನಿಂತು, "ನನ್ನ ಗದ್ದೆ ಇದೆಯಲ್ಲ" ಎಂದೆ. ಕೊಯ್ಲು ಮುಗಿದಿತ್ತು. ನಡುವಿನ ಬದುಗಳನ್ನು ಕಿತ್ತರೆ ಒಳ್ಳೆಯ ಮೈದಾನ. ಎಲ್ಲರೂ ನನ್ನ ಕೈ ಕುಲುಕಿದರು. ಹೀಗೆ ಕೈ ಕುಲುಕಿಸಿಕೊಂಡು ಮನೆಗೆ ಹೋಗುವುದು ಸುಲಭವಲ್ಲ.

"ಎರಡನೇ ಬೆಳೆಗೆ ಒಟ್ಲು ಹಾಕಿವ್ನಿ, ಪೈರು ಎದ್ದು ನಿಂತದೆ," ಎಂದಳು ದೇವೀರಮ್ಮ. "ಗದ್ದೆ ಉಳೋದು ಯಾವಾಗ?"

"ಈ ವರ್ಷ ಉಳೋದಿಲ್ಲ. ಅಲ್ಲಿ ಪಂದ್ಯ."

"ಚೆಂಡ ಬೇಯ್ಸಿ ಉಣ್ಣಕಾಯ್ತದಾ?"

"ಇದು ಚರಿತ್ರೆ ಕಣೆ."

"ಸರಿ, ಚರಿತ್ರೆಗೆ ವಸಿ ಉಪ್ಪಾಕಂಡು ಉಣ್ಣಿ."

ಬದುಗಳನ್ನು ಕಿತ್ತೆ. ಕೂಳೆ ಕತ್ತರಿಸಿದೆ. ಬಿದಿರಿನ ಗೋಲುಕಂಬ ನೆಟ್ಟೆ. ಆದರೆ ಕೊಯ್ಲಾದ ಗದ್ದೆ ಬಿಸಿಲಿಗೆ ಬಿರಿದು ಹಂಚಿನ ಹಾಗೆ ಆಗಿತ್ತು. ಮೊದಲ ಅಭ್ಯಾಸದಲ್ಲೇ ಬೊಮ್ಮನ ಕಾಲು ಒಂದು ಬಿರುಕಿನಲ್ಲಿ ಸಿಕ್ಕಿತು. ಅವನು ಕಾಲನ್ನು ಎಳೆದುಕೊಂಡು ಬಿರುಕಿನೊಳಗೆ ಇಣುಕಿದ.

"ಗೌಡ್ರೆ, ಇಲ್ಲಿ ಆಡ್ಬೇಕಾರೆ ಕಾಲ ಮನೇಲಿ ಬುಟ್ಟು ಬರ್ಬೇಕು."

ಬೊಮ್ಮನ ಪಾದ ಉಳುಕಿದರೆ ಗೋಲು ಹೊಡೆಯುವವರು ಯಾರು? ಆಗ ನನಗೆ ಹೊಳೆದ ಉಪಾಯವೇ ಒಂದು ನೀರು ಕೊಡುವುದು. ಕಾಲುವೆಯಿಂದ ಸ್ವಲ್ಪ ನೀರು ಹಾಯಿಸಿದರೆ ಬಿರುಕು ಮುಚ್ಚುತ್ತದೆ, ದೂಳು ಕೂರುತ್ತದೆ.

"ಅದು ಜೇಡಿ," ಎಂದಳು ದೇವೀರಮ್ಮ. "ಕುಡುದ್ರೆ ಬುಡಾಕಿಲ್ಲ."

"ಗಂಟಲು ನೆನೆಯೋವಷ್ಟು ಕೊಡ್ತೀನಿ, ಅಷ್ಟೇ."

ಪಂದ್ಯದ ಹಿಂದಿನ ದಿನ ಬೆಳಗ್ಗೆ ಗುದ್ದಲಿಯಿಂದ ಕಾಲುವೆಯ ಬದುವಿನಲ್ಲಿ ಕಂಡಿ ತೆಗೆದೆ. ನೀರು ಮಗುವಿನ ಹಾಗೆ ಅಂಬೆಗಾಲಿಟ್ಟು ಒಳಗೆ ಬಂತು. ಬಿಸಿಲೇರುವ ಮುಂಚೆ ಕಂಡಿ ಮುಚ್ಚುವುದು ಯೋಜನೆ. ಕಾವಲಿಗೆ ಪಕ್ಕದಲ್ಲೇ ಕೂತೆ.

ಆಗ ಜೋಸ್ ಮಾಷ್ ಓಡಿ ಬಂದರು. "ಗೌಡರೇ, ಪಯ್ಯಂಪಳ್ಳಿಯವರು ಕೋಝಿಕ್ಕೋಡಿಂದ ಹಿಂದೆ ನಿಂತು ತಡೆಯೋ ಒಬ್ಬ ಬ್ಯಾಕ್‌ನ ತಂದಿದ್ದಾರಂತೆ. ತೆಂಗಿನ ಮರದಷ್ಟು ಉದ್ದ ಅಂತೆ. ಯಾರಾದ್ರೂ ಹೋಗಿ ನೋಡ್ಬೇಕು. ನಾನು ಹೋದ್ರೆ ಗುರುತು ಹಿಡೀತಾರೆ."

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಓಡಿದೆ.

ಇಲ್ಲಿ ನೆನಪುಗಳು ಬೇರೆಯಾಗುತ್ತವೆ. ಓಡುವಾಗ ನಾನು ದೇವೀರಮ್ಮನ ಕಡೆ ತಿರುಗಿ "ಕಂಡಿ ಮುಚ್ಚು" ಎಂದು ಕೂಗಿದೆ ಎಂಬುದು ನನ್ನದು. ಅವಳದು ಹೀಗಿದೆ: "ಕೂಗ್ನೂ ಇಲ್ಲ, ಏನೂ ಇಲ್ಲ. ಗುದ್ದಲಿ ಹೆಗಲ ಮೇಲೆ ಇಟ್ಕಂಡು ಓಡುದ್ರು. ಗುದ್ದಲಿ ತಕ್ಕಂಡು ಹೋಗೋರು ಕಂಡಿ ಮುಚ್ಚಕಲ್ದೆ ಇನ್ಯಾತಕ್ಕೆ ಹೋದಾರು?"

ಗುದ್ದಲಿ ಹೆಗಲ ಮೇಲಿತ್ತು ಎಂಬುದು ಮಾತ್ರ ನಿಜ. ಎರಡು ಬಸ್ ಹಿಡಿದು ಪಯ್ಯಂಪಳ್ಳಿಯಲ್ಲಿ ಇಳಿಯುವವರೆಗೂ ನನಗದು ಗೊತ್ತಾಗಲಿಲ್ಲ. ಕಂಡಕ್ಟರ್ ನನ್ನನ್ನು ಯಾಕೆ ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿದ ಎಂಬುದು ಆಗ ತಿಳಿಯಿತು.

ಮೈದಾನದ ಅಂಚಿಗೆ ಹೋಗಿ ಬೇಲಿಯ ಹಿಂದೆ ನಿಂತೆ. ಗೂಢಚಾರನಿಗೆ ಎದೆ ಹೊಡೆದುಕೊಳ್ಳುವುದು ಸಹಜ. ನನ್ನದು ಬಹುಶಃ ಆಚೆ ಗೋಲಿನವರೆಗೂ ಕೇಳಿಸುತ್ತಿತ್ತು. ತೆಂಗಿನ ಮರ ಅಲ್ಲೇ ಇತ್ತು, ಎರಡು ಕಾಲಿನ ಮೇಲೆ. ಅಷ್ಟರಲ್ಲಿ ಅವರ ಕ್ಯಾಪ್ಟನ್ ನನ್ನನ್ನು ನೋಡಿಬಿಟ್ಟ.

"ಓ, ಬಂದ್ರಾ ಚೇಟ್ಟಾ? ಬೆಳಗ್ಗೆಯಿಂದ ಕಾಯ್ತಾ ಇದ್ದೀವಿ. ಬನ್ನಿ, ಗೋಲಿನ ಮುಂದೆ ಗುಂಡಿ ಬಿದ್ದಿದೆ."

ಅವರು ಯಾವ ಆಳಿಗೆ ಹೇಳಿ ಕಳಿಸಿದ್ದರೋ ಅವನು ಬಂದಿರಲಿಲ್ಲ. ಗುದ್ದಲಿ ಹಿಡಿದವನು ನಾನು ಬಂದಿದ್ದೆ. ಅಲ್ಲ ಎಂದರೆ ಯಾರು ಎಂದು ಕೇಳುತ್ತಾರೆ. ಆದ್ದರಿಂದ ನಾನು ನಮ್ಮ ವೈರಿಗಳ ಗೋಲಿನ ಮುಂದಿನ ಗುಂಡಿ ಮುಚ್ಚಿದೆ. ಸುಮ್ಮನೆ ಅಲ್ಲ, ಚೆನ್ನಾಗಿ ಮುಚ್ಚಿದೆ. ಗುದ್ದಲಿ ಹಿಡಿದ ಕೈಗೆ ಕೆಟ್ಟದಾಗಿ ಕೆಲಸ ಮಾಡಲು ಬರುವುದಿಲ್ಲ. ಆಮೇಲೆ ಅವರು ಆಚೆ ಗೋಲನ್ನೂ ತೋರಿಸಿದರು. ಅದನ್ನೂ ಸಮ ಮಾಡಿ, ಹದವಾಗಿ ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿದೆ. ನೀರು ಚಿಮುಕಿಸುವಾಗ ಏನೋ ಒಂದು ನೆನಪಾದಂತಾಯಿತು. ಏನೆಂದು ಹೊಳೆಯಲಿಲ್ಲ. ಕಪ್ಪ ಬೇಯಿಸಿದ್ದು ಕೊಟ್ಟರು, ಅಂದರೆ ಮರಗೆಣಸು, ಜೊತೆಗೆ ಮೀನು. ತಿಂದೆ.

ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. "ಅಯ್ಯೋ, ಕಂಡಿ!" ಎಂದು ಎದ್ದು ನಿಂತೆ. ಗುದ್ದಲಿಯ ಕಾವು ಹಿಂದಿನವರ ಮೂಗಿಗೆ ತಗುಲಿತು.

ಸಂಜೆಯ ಬೆಳಕಿನಲ್ಲಿ ನನ್ನ ಗದ್ದೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಆಕಾಶ, ಕಾಡಿನ ಅಂಚು, ತಲೆಕೆಳಗಾದ ಎರಡು ಗೋಲುಕಂಬ. ಮಧ್ಯದ ಗೆರೆಯ ಮೇಲೆ ಕೊಕ್ಕರೆಗಳು ಸಾಲಾಗಿ ನಿಂತಿದ್ದವು, ಆಟ ಶುರುವಾಗುವುದನ್ನು ಕಾಯುವವರ ಹಾಗೆ. ನೋಡಲು ಸುಂದರವಾಗಿತ್ತು. ನನಗೆ ಹೆಚ್ಚು ಸಂಕಟವಾದದ್ದು ಅದಕ್ಕೇ.

ಕೆಳಬದು ಒಡೆದು ನೀರು ಬಸಿದೆ. ನೀರು ಹೋಯಿತು, ಕೆಸರು ಉಳಿಯಿತು. ಕೆಸರಿನ ಮೇಲೆ ಭತ್ತದ ಹೊಟ್ಟು ಚೆಲ್ಲಿದೆ. ಹೊಟ್ಟು ಸೇರಿದ ಕೆಸರು ಗೋಡೆಗೆ ಮೆತ್ತುವ ಗಾರೆಯಾಯಿತು. ಅದರ ಮೇಲೆ ಒಣಹುಲ್ಲು ಹಾಸಿದೆ. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಹಸು ಪೆನಾಲ್ಟಿ ಜಾಗದಲ್ಲಿ ನಿಂತು ತಿನ್ನುತ್ತಿತ್ತು.

ರೆಫರಿ ಬಂದು ಒಂದು ಹೆಜ್ಜೆ ಒಳಗಿಟ್ಟು, ಹೆಜ್ಜೆಯನ್ನು ಕಷ್ಟಪಟ್ಟು ವಾಪಸ್ ತೆಗೆದುಕೊಂಡು, ಆಟ ನಡೆಯದಿದ್ದರೆ ಕರೆದವರು ಸೋತಂತೆ ಎಂದ. ಆಡಲೇಬೇಕಾಯಿತು. ಅಷ್ಟರಲ್ಲಿ ಪಯ್ಯಂಪಳ್ಳಿಯ ಕ್ಯಾಪ್ಟನ್ ನನ್ನ ಗುರುತು ಹಿಡಿದು, ಎಲ್ಲರೆದುರು ಕೈ ಹಿಡಿದುಕೊಂಡ.

"ಚೇಟ್ಟಾ, ನಿನ್ನೆ ನಮ್ಮ ಗ್ರೌಂಡ್ ಎಷ್ಟು ಚೆನ್ನಾಗಿ ಮಾಡಿಕೊಟ್ರಿ. ಇದನ್ನ ಯಾರು ಮಾಡಿದ್ದು?"

ಜೋಸ್ ಮಾಷ್ ನನ್ನನ್ನು ನೋಡಿದರು. ಆ ನೋಟವನ್ನು ವರ್ಣಿಸುವುದಿಲ್ಲ. ಅದರ ಬಗ್ಗೆ ನನ್ನ ನೆನಪೂ ದೇವೀರಮ್ಮನ ನೆನಪೂ ಒಂದೇ.

ಆಟ ಶುರುವಾಯಿತು. ನಮ್ಮವರದು ಓಟದ ಆಟ, ಓಡಲು ನೆಲ ಬಿಡಲಿಲ್ಲ. ತೆಂಗಿನ ಮರ ಮೊಣಕಾಲಿನವರೆಗೆ ಹೂತು ನಿಂತಿತು. ಈಗ ಅದನ್ನು ಯಾರೂ ಅಲುಗಿಸುವಂತಿರಲಿಲ್ಲ. ಕೆಸರಿನಲ್ಲಿ ಯಾವ ಬಟ್ಟೆ ಯಾರದು ಎಂದು ತಿಳಿಯದೆ ಎರಡೂ ಕಡೆಯವರು ಎಲ್ಲರಿಗೂ ಕೂಗುತ್ತಿದ್ದರು. ಗೋಲಿಲ್ಲ. ಗೋಲಿಲ್ಲ. ನಾನು ಬದುವಿನ ಮೇಲೆ ಕೂತು ಹುಲ್ಲು ಕಿತ್ತು ಕಿತ್ತು ಬದುವನ್ನೇ ಬೋಳು ಮಾಡಿದೆ.

ಕೊನೆಗಳಿಗೆಯಲ್ಲಿ ಬೊಮ್ಮ ಬೂಟು ಕಳಚಿ ಎಸೆದು ಬರಿಗಾಲಲ್ಲಿ ಹೊರಟ. ಒಬ್ಬನನ್ನು ದಾಟಿದ. ತೆಂಗಿನ ಮರವನ್ನು ಸುತ್ತಿಹೋದ. ಅವರ ಗೋಲ್‌ಕೀಪರ್ ಮುಂದೆ ಬಂದು ಜಾರಿ ಬಿದ್ದ. ಖಾಲಿ ಗೋಲು! ಬೊಮ್ಮ ಮೆಲ್ಲನೆ ಚೆಂಡು ತಳ್ಳಿ ತಾನೂ ಮುಗ್ಗರಿಸಿದ. ಮಾಷ್ ನನ್ನನ್ನು ತಬ್ಬಿಕೊಂಡರು. ಚೆಂಡು ಉರುಳಿತು, ಉರುಳಿತು, ನಿಧಾನವಾಯಿತು, ನಿಂತಿತು.

ಗೆರೆಗೆ ಒಂದು ಗೇಣು ಇತ್ತು. ಮೊನ್ನೆ ಚಹಾದ ಅಂಗಡಿಯಲ್ಲಿ ಹೇಳಿದಾಗ ನಾಲ್ಕು ಬೆರಳು ಎಂದೆನಂತೆ. ದೇವೀರಮ್ಮನ ಲೆಕ್ಕದಲ್ಲಿ ಎರಡು ಮಾರು. ಬೊಮ್ಮನನ್ನು ಕೇಳಿದರೆ, "ಚೆಂಡ ನೋಡ್ನಿಲ್ಲ ಗೌಡ್ರೆ. ಬಾಯಿ ತುಂಬ ನಿಮ್ಮ ಗದ್ದೆ ಇತ್ತು," ಎನ್ನುತ್ತಾನೆ. ಯಾರದ್ದೇ ನಿಜವಿರಲಿ, ಚೆಂಡು ಒಳಗೆ ಹೋದ ನೆನಪು ಮಾತ್ರ ಯಾರಿಗೂ ಇಲ್ಲ.

ಮಾಷ್ ತಬ್ಬಿದ ಕೈ ತೆಗೆದರು. ಕಪ್ಪು ಪಯ್ಯಂಪಳ್ಳಿಯ ಬಸ್ ಹತ್ತಿತು. ನಮ್ಮ ಹುಡುಗರು ಸಾರಿಲ್ಲದೆ ಪರೋಟ ತಿಂದರು. ನಾನು ಅದನ್ನೂ ತಿನ್ನಲಿಲ್ಲ.

ಮಾರನೆಯ ಬೆಳಗ್ಗೆ ದೇವೀರಮ್ಮ ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗಿಳಿದಳು. ಗೋಲಿನ ಮುಂದೆ ಕೈಹಾಕಿ ಒಂದು ಹಿಡಿ ಕೆಸರು ತೆಗೆದಳು. ಬೆರಳಿನಿಂದ ತಿಕ್ಕಿದಳು. ಮೂಸಿದಳು.

"ಎಂಥ ಹದ," ಎಂದಳು. "ನೀವು ಒಂದು ವರ್ಷನೂ ಹಿಂಗೆ ಉತ್ತಿಲ್ಲ."

ಮಧ್ಯಾಹ್ನದ ಹೊತ್ತಿಗೆ ಒಟ್ಲಿನ ಪೈರೆಲ್ಲ ಮೈದಾನದಲ್ಲಿ ನಿಂತಿತ್ತು. ಆ ಎರಡನೇ ಬೆಳೆಯಷ್ಟು ಚೆನ್ನಾಗಿ ನಮ್ಮ ಗದ್ದೆಯಲ್ಲಿ ಅದಕ್ಕೆ ಮೊದಲೂ ಆಮೇಲೂ ಯಾವ ಬೆಳೆಯೂ ಬರಲಿಲ್ಲ. ಚೆಂಡು ನಿಂತ ಜಾಗದಲ್ಲಿ ತೆನೆ ಎಲ್ಲಕ್ಕಿಂತ ದಪ್ಪವಾಗಿತ್ತು ಎಂದು ನನಗೆ ನೆನಪು. ಇದನ್ನೂ ಓದಿ ಅವಳು ಈಗಷ್ಟೇ ಹೇಳಿದಳು:

"ಅಲ್ಲಿ ಹಸು ಸಗಣಿ ಹಾಕಿತ್ತು."