ಸುರೇಖಾ ಟೀಚರ್ ಬೈಸಿಕೊಳ್ಳಲು ಹೊರಟದ್ದು

ಗಂಗಾವತಿಯ ಹೊರವಲಯದ ಆ ಸರಕಾರಿ ಪ್ರೌಢಶಾಲೆಯ ಮೈದಾನದಲ್ಲಿ ಭತ್ತ ಒಣಗುತ್ತಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಪ್ರತಿ ಕೊಯ್ಲಿಗೂ ಓಣಿಯವರು ಅಲ್ಲೇ ಹರವುತ್ತಿದ್ದರು. ವಿಶೇಷವೆಂದರೆ, ಇವತ್ತು ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು, ಅದು ಗೊತ್ತಿದ್ದೂ ಪ್ರಭಾರಿ ಮುಖ್ಯೋಪಾಧ್ಯಾಯಿನಿ ಸುರೇಖಾ ಯಾರಿಗೂ ಹೇಳಿರಲಿಲ್ಲ.

ಹಳೆಯ ಹೆಡ್‌ಮಾಸ್ತರರು ನಿವೃತ್ತರಾದಾಗ "ಎರಡು ದಿನ ನೋಡ್ಕೋರಿ" ಎಂದು ಕೊಟ್ಟ ಪ್ರಭಾರ ವರ್ಷಗಟ್ಟಲೆ ಅವಳ ಮೇಲೇ ಕೂತಿತ್ತು. ಒಡೆದ ನಲ್ಲಿ, ಬಿಸಿಯೂಟದ ಗ್ಯಾಸು, ಸಭೆಯ ಮೇಲೆ ಸಭೆ. ಮನೆಯಲ್ಲಿಯೂ ಅಷ್ಟೆ, ಅತ್ತೆಯ ಮಾತ್ರೆಯಿಂದ ನಾದಿನಿಯ ಮದುವೆಯವರೆಗೆ ಎಲ್ಲವೂ ಅವಳ ಕೈಗೇ ಬರುತ್ತಿತ್ತು, ಯಾಕೆಂದರೆ ಅವಳು ಚೆನ್ನಾಗಿ ಮಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಎಂಟನೆಯ ತರಗತಿಗೆ ಕನ್ನಡ ಪಾಠ ಮಾಡಿ, ಸಂಜೆ ಹಗುರಾಗಿ ಮನೆಗೆ ಹೋಗುವುದು. ಬಿಡಿಸಿರೆಂದು ಕೇಳಿದಾಗಲೆಲ್ಲ "ನಿಮ್ಮಷ್ಟು ಛಲೋ ಯಾರು ನಡಸ್ತಾರ್ರಿ" ಎಂಬ ಉತ್ತರ. ಹಾಗಾಗಿ ಈ ಸಲ ಬೈಸಿಕೊಂಡೇ ಬಿಡುಗಡೆ ಪಡೆಯಬೇಕೆಂದು ನಿರ್ಧರಿಸಿದ್ದಳು. ಜನ್ಮದಲ್ಲಿ ಬೈಸಿಕೊಳ್ಳದವಳಿಗೆ ಬೆಳಿಗ್ಗೆಯಿಂದ ಹಬ್ಬದ ಹುರುಪು.

ಅದನ್ನು ಮೊದಲು ಕೆಡಿಸಿದವಳು ಬಿಸಿಯೂಟದ ಮುದಕಮ್ಮ.

"ಅಕ್ಕಾರ, ಸಾಹೇಬ್ರು ಬರ್ತಾರಂತ. ಪಕ್ಕದೂರು ಕ್ಯಾಂಪಿನ ಸಾಲಿಯಿಂದ ಫೋನ್ ಬಂದಿತ್ತು. ನೀವು ಹೇಳಬಾರದೇನ್ರಿ?"

"ಇರಲಿ ಬಿಡ ಮುದಕಮ್ಮ. ನೆಲ್ಲು ಒಣಗಲಿ."

"ಮತ್ತ ನಿಮ್ಮ ಮರ್ಯಾದಿ?"

ಅದು ಹೋಗಲೆಂದೇ ಕಾಯುತ್ತಿದ್ದೇನೆ ಎಂದು ಹೇಳುವುದು ಹೇಗೆ? ಸುರೇಖಾ ಚಾಕ್‌ಪೀಸ್ ಹುಡುಕತೊಡಗಿದಳು.

ಮುದಕಮ್ಮ ಗೇಟಿಗೆ ಹೋಗಿ ಒಂದು ಕೂಗು ಹಾಕಿದಳು. ಓಣಿಗೆ ಓಣಿಯೇ ಖಾಲಿ ಚೀಲ ಹಿಡಿದು ಬಂತು. ಮುಂದೆ ಶಾಲಾ ಸಮಿತಿಯ ಅಧ್ಯಕ್ಷ ಈಶಪ್ಪ. ತೊಂಬತ್ತೇಳರಲ್ಲಿ ಶಾಲೆ ಶುರುವಾದದ್ದು ಅವನ ರೈಸ್‌ಮಿಲ್ಲಿನ ಗೋಡೌನಿನಲ್ಲಿ. ಆಮೇಲೆ ಈ ಮೈದಾನದ ತಗ್ಗಿಗೆ ಮಣ್ಣು ಹೊತ್ತವರು ಓಣಿಯ ಹೆಂಗಸರು. ಹೀಗಾಗಿ ಶಾಲೆಯ ಬಿಸಿಲು ತಮ್ಮದೆಂದು ಅವರು ತಿಳಿದಿದ್ದರು. ಶಾಲೆಯ ಮಾನವೂ ತಮ್ಮದೆಂದು ತಿಳಿದದ್ದೇ ಇವತ್ತಿನ ತೊಂದರೆ.

"ತುಂಬಬ್ಯಾಡ್ರಿ ಈಶಪ್ಪ, ಇನ್ನೂ ಹಸಿ ಐತಿ," ಎಂದಳು ಸುರೇಖಾ.

"ನೆಲ್ಲು ನಾಳೆ ಒಣಗತೈತ್ರಿ. ನಿಮ್ಮಂಥಾ ಮೇಡಂ ನಾಳೆ ಸಿಗ್ತಾರೇನು?"

ಒಂದು ಚೀಲದ ಬಾಯಿ ಸುರೇಖಾಳ ಕೈಗೂ ಬಂತು. ಅಭ್ಯಾಸಬಲ, ಅವಳು ಅದನ್ನು ಬಿಗಿಯಾಗಿಯೇ ಹಿಡಿದಳು. ತುಂಬಿದ ಚೀಲಗಳನ್ನು ಬಚ್ಚಿಡಲು ಬೇರೆ ಜಾಗವಿಲ್ಲದೆ ಎಲ್ಲವನ್ನೂ ಅವಳ ಆಫೀಸಿಗೇ ಒಟ್ಟಿ ಬಾಗಿಲು ಮುಚ್ಚಿದರು.

ಜೀಪು ಬರುವಾಗ ಮೈದಾನ ಆಗತಾನೇ ಬೋಳಿಸಿದ ತಲೆಯಂತೆ ಹೊಳೆಯುತ್ತಿತ್ತು.

"ಭಾಳ ಚೊಕ್ಕ ಇಟ್ಟೀರಲ್ರಿ," ಎಂದರು ಸಾಹೇಬರು.

ಬೈಸಿಕೊಳ್ಳಲು ಸುರೇಖಾಳಿಗೆ ಉಳಿದದ್ದು ಒಂದೇ ದಾರಿ. "ಆಫೀಸ್ ನೋಡ್ಬರ್ರಿ ಸರ್."

ಈಶಪ್ಪ ಪೆಟ್ರೋಲು ಮುಗಿದ ಬೈಕಿನಂತೆ ಕೆಮ್ಮಿದ. ಮುದಕಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಸುರೇಖಾ ಅವಳನ್ನು ಬಳಸಿಕೊಂಡು ಹೋಗಿ ತಾನೇ ಬಾಗಿಲು ತೆರೆದಳು. ಸೂರಿನವರೆಗೆ ಚೀಲಗಳು. ಅವಳ ಕುರ್ಚಿ ತುತ್ತತುದಿಯಲ್ಲಿ ಕಾಲು ಮೇಲೆ ಮಾಡಿಕೊಂಡಿತ್ತು.

ಸಾಹೇಬರು ಒಂದು ಚೀಲಕ್ಕೆ ಕೈ ಹಾಕಿ, ಕಾಳು ತೆಗೆದು, ಹಲ್ಲಿಗಿಟ್ಟು ಕಡಿದರು.

"ಯಾರು ತುಂಬಿಸಿದವರು ಇದನ್ನ?"

"ನಾನ ಸರ್," ಎಂದಳು ಸುರೇಖಾ, ತುಂಬು ಸಂತೋಷದಿಂದ.

"ಹಸಿ ಐತಲ್ರಿ. ಮುಗ್ಗು ಹಿಡೀತೈತಿ. ಮೊದಲು ಹೊರಗ ಹರವಸ್ರಿ."

ಚೀಲಗಳು ಬಂದ ದಾರಿಯಲ್ಲೇ ಹಿಂತಿರುಗಿದವು. ಮೈದಾನ ಮತ್ತೆ ಹಳದಿಯಾಗುವುದನ್ನು ನೋಡುತ್ತ ಸಾಹೇಬರು ವರಾಂಡದಲ್ಲಿ ಚಹಾ ಕುಡಿದರು.

"ಮೇಡಂ, ನೀವು ಭಾಳ ಸಲ ಕೇಳಿದ್ರಿ ಅಂತ ಕುಷ್ಟಗಿಯಿಂದ ಒಬ್ಬ ಹೆಡ್‌ಮಾಸ್ತರನ್ನ ಇಲ್ಲಿಗೆ ಹಾಕಿದ್ದೆ. ಸೋಮವಾರ ಬರಾಂವ. ಅದನ್ನ ಹೇಳಾಕಂತನ ಬಂದೆ."

ಸುರೇಖಾ ತನ್ನ ಕಪ್ಪುಬಸಿಯನ್ನು ಕಟ್ಟೆಯ ಮೇಲಿಟ್ಟಳು.

"ಆದ್ರ ಅಂವ ಭಾಳ ಕಡಕ್. ಬಂದ ದಿನಾನ ಗೇಟಿಗೆ ಕೀಲಿ ಜಡೀತಾನ." ಸಾಹೇಬರು ದನಿ ತಗ್ಗಿಸಿದರು. "ನಮ್ಮ ಮನೀದೂ ಕೊಯ್ಲು ಮುಗದೈತ್ರಿ. ಅಂಗಳ ಸಣ್ಣದು. ಅಂವನ್ನ ಬ್ಯಾರೆ ಕಡೆ ಕಳಸ್ತೀನಿ, ನೀವ ಇರ್ರಿ."

"ನೋಡಿದ್ರೇನ್ರಿ ಅಕ್ಕಾರ," ಎಂದಳು ಮುದಕಮ್ಮ, ಕಣ್ಣೊರೆಸಿಕೊಳ್ಳುತ್ತ, "ನಾವು ನಿಮ್ಮನ್ನ ಬಿಟ್ಟುಕೊಡ್ತೀವೇನು?"

ಮರುದಿನ ಬೆಳಿಗ್ಗೆ ಸಾಹೇಬರ ಟ್ರ್ಯಾಕ್ಟರ್ ಬಂತು. ಎಲ್ಲಿ ಸುರಿಯಲಿ ಎಂದು ಡ್ರೈವರ್ ಕೇಳಿದ. ಓಣಿಯವರೆಲ್ಲ ಸುರೇಖಾಳ ಮುಖ ನೋಡಿದರು. ಯಾವ ಮೂಲೆಯಲ್ಲಿ ಸಂಜೆಯವರೆಗೂ ಬಿಸಿಲು ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತೋರಿಸಿದಳು.